ಯುಗಾದಿ ಅಮಾವಾಸ್ಯೆಗೂ ಎಳ್ಳಮಾವಾಸ್ಯೆಗೂ ನಡುವಿನ ಹಸಿರು: ಏರ್‌ಗ್ಲೋ ಅಳೆದ ನನ್ನ ಅನುಭವ

ಏರ್‌ಗ್ಲೋ ಎಂದರೆ ಮೇಲ್ವಾತಾವರಣದ ಅನಿಲಗಳು ರಾತ್ರಿಯಲ್ಲಿ ತಾವೇ ಹೊಮ್ಮಿಸುವ ಮಂದ ಬೆಳಕು. ಚಿತ್ರದುರ್ಗದ ಕಡೆಯಿಂದ ಏರ್‌ಗ್ಲೋದ ಋತುಮಾನದ ಏರಿಳಿತವನ್ನು ಹಿಡಿಯಲಾಗದು, ಅದಕ್ಕೆ ಲಡಾಖಿನ ಹಾನ್ಲೆ ವೀಕ್ಷಣಾಲಯದ ಎತ್ತರವೇ ಬೇಕು ಎಂದು ನಮ್ಮ ವೀಕ್ಷಕ ಬಳಗದ ಹಿರಿಯರು ಹೇಳುತ್ತಲೇ ಬಂದಿದ್ದರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಆವರಣದಿಂದ ಭಾರತೀಯ ಭೂಕಾಂತತ್ವ ಸಂಸ್ಥೆಯವರು ವರ್ಷಗಟ್ಟಲೆ ಏರ್‌ಗ್ಲೋ ಚಿತ್ರಗಳನ್ನು ತೆಗೆದಿದ್ದಾರೆ, ಅದೇನು ಹಿಮಾಲಯವೇ ಎಂದು ನಾನು ಕೇಳಿದರೆ, ಅವರಿಗಿರುವ ಉಪಕರಣ ನಿನಗೆಲ್ಲಿದೆ ಎಂಬ ಉತ್ತರ ಬರುತ್ತಿತ್ತು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಕೊರತೆಯಿದ್ದುದು ಕ್ಯಾಮೆರಾದಲ್ಲಲ್ಲ, ಫಿಲ್ಟರಿನಲ್ಲಿ.

ಎಲ್ಲರಂತೆ ಎಸ್‌ಕ್ಯೂಎಂ ಮೀಟರಿನಿಂದ (ಆಕಾಶದ ಒಟ್ಟು ಹೊಳಪನ್ನು ಒಂದೇ ಅಂಕಿಯಲ್ಲಿ ಹೇಳುವ ಉಪಕರಣ) ಆರಂಭಿಸಿದಾಗ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಅಂಕಿ ಬಂದಿತು. ಇದರ ಕಾರಣ ಸರಳ. ಎಳ್ಳಮಾವಾಸ್ಯೆಯ ಹೊತ್ತಿಗೆ ಏರ್‌ಗ್ಲೋ ತಗ್ಗಿರುತ್ತದೆ, ಆದರೆ ಅದೇ ಸಮಯದಲ್ಲಿ ಕ್ಷೀರಪಥದ ಚಳಿಗಾಲದ ತೋಳು ನಡುರಾತ್ರಿಗೆ ನೆತ್ತಿಗೆ ಬಂದು ಆ ಇಳಿತವನ್ನು ತುಂಬಿಬಿಡುತ್ತದೆ. ಬಣ್ಣದ ಡಿಎಸ್‌ಎಲ್‌ಆರ್‌ನ ಹಸಿರು ಚಾನೆಲ್ಲಿಗೂ ಇದೇ ಗತಿ.

ಕೊನೆಗೆ ಬಣ್ಣದ ಒಂದು ಕಿರುಪಟ್ಟಿಯನ್ನಷ್ಟೇ ಒಳಬಿಡುವ ಎರಡು ಫಿಲ್ಟರುಗಳನ್ನು ತರಿಸಿದೆ: ಏರ್‌ಗ್ಲೋದಲ್ಲಿ ಆಮ್ಲಜನಕ ಸೂಸುವ ಹಸಿರು ಬೆಳಕಿನ 557.7 ನ್ಯಾನೋಮೀಟರ್ ರೇಖೆಗೆ ಒಂದು, ಏರ್‌ಗ್ಲೋ ರೇಖೆಯಿಲ್ಲದ ಪಕ್ಕದ ಹಿನ್ನೆಲೆಯನ್ನು ಅಳೆದು ಕಳೆಯಲು 566ರ ಆಸುಪಾಸಿನದು ಇನ್ನೊಂದು. ಕಸ್ಟಮ್ಸ್ ಸುಂಕವೂ ಸೇರಿ ಅರವತ್ತೈದು ಸಾವಿರದ ಹತ್ತಿರ ಹೋಯಿತು. ಹಳೆಯ ಮಾನೋ (ಕಪ್ಪು ಬಿಳುಪು) ಕ್ಯಾಮೆರಾಕ್ಕೆ ಅದರ ಅರ್ಧವೂ ಆಗಿರಲಿಲ್ಲ. ಎರಡನೆಯ ಫಿಲ್ಟರ್ ದುಡ್ಡು ದಂಡ ಎಂದು ಬಳಗದವರು ನಕ್ಕರು. ನನ್ನ ಮಟ್ಟಿಗೆ ಇಡೀ ಕೆಲಸ ನಿಂತಿರುವುದೇ ಅದರ ಮೇಲೆ, ಏಕೆಂದರೆ ಕ್ಷೀರಪಥವೂ ಚಳ್ಳಕೆರೆ ಕಡೆಯ ಎಲ್‌ಇಡಿ ಬೆಳಕೂ ಎರಡರಲ್ಲೂ ಬಹುತೇಕ ಸಮನಾಗಿ ಬೀಳುತ್ತವೆ, ಹಸಿರು ರೇಖೆ ಮಾತ್ರ ಒಂದರಲ್ಲೇ ಬೀಳುತ್ತದೆ.

ಫಿಲ್ಟರ್ ಬಂದ ಮೇಲೂ ಒಂದು ವರ್ಷದ ಅಂಕಿಗಳು ಹಾಳಾದವು. ಎರಡು ನ್ಯಾನೋಮೀಟರ್ ಪಟ್ಟಿಯ ಫಿಲ್ಟರಿಗೆ ಬೆಳಕು ಹತ್ತು ಡಿಗ್ರಿ ಓರೆಯಾಗಿ ಬಿದ್ದರೆ ಪಟ್ಟಿ ಸುಮಾರು ಎರಡು ನ್ಯಾನೋಮೀಟರ್ ನೀಲಿಯತ್ತ ಸರಿಯುತ್ತದೆ. ಹಾಗಾಗಿ 50 ಮಿಮೀ ಲೆನ್ಸಿನ ನಡುವಿನ ನಾಲ್ಕು ಡಿಗ್ರಿ ತ್ರಿಜ್ಯವನ್ನಷ್ಟೇ ಬಳಸುತ್ತೇನೆ. ನಿಜವಾದ ಕಿರುಕುಳ ಕೊಟ್ಟದ್ದು ತಾಪಮಾನ. ಡಿಸೆಂಬರಿನ ರಾತ್ರಿಗೂ ಯುಗಾದಿಯ ರಾತ್ರಿಗೂ ಹಲವು ಡಿಗ್ರಿ ಅಂತರವಿರುವ ನಮ್ಮ ಬಯಲಿನಲ್ಲಿ ಫಿಲ್ಟರಿನ ಕೇಂದ್ರವೇ ತುಸು ಸರಿದಾಡಿ, ರೇಖೆ ಪಟ್ಟಿಯ ಅಂಚಿನತ್ತ ಜರುಗಿ, ಸುಳ್ಳು ಋತುಮಾನವೊಂದನ್ನು ಸೃಷ್ಟಿಸುತ್ತದೆ. ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಹಾಕುವ ಇನ್ನೂರೈವತ್ತು ರೂಪಾಯಿಯ ಥರ್ಮೋಸ್ಟಾಟನ್ನು ದಾವಣಗೆರೆಯಿಂದ ತಂದು, ಥರ್ಮಾಕೋಲ್ ಡಬ್ಬಿಯೊಳಗೆ ಫಿಲ್ಟರುಗಳನ್ನು ಸದಾ 35 ಡಿಗ್ರಿಯಲ್ಲಿ ಇರಿಸಿದ ಮೇಲೆ ಅಂಕಿಗಳು ನೆಟ್ಟಗಾದವು. ಮಂಜಿನ ಕಾಟವೂ ತಪ್ಪಿತು. ಆ ಉಷ್ಣತೆಯಲ್ಲಿ ರೇಖೆಯನ್ನು ಪಟ್ಟಿಯ ನಟ್ಟನಡುವೆ ಕೂರಿಸುವ ಉಪಾಯವೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕ್ಯಾಮೆರಾದ ಅಂಕಿಗಳನ್ನು ನಿಜವಾದ ಹೊಳಪಿಗೆ ಹೊಂದಿಸಲು ಬೇಕಾದ, ಪ್ರಕಾಶ ಗೊತ್ತಿರುವ ನಕ್ಷತ್ರಗಳನ್ನು ಹುಡುಕಬೇಕಾಗಲಿಲ್ಲ. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ರಾತ್ರಿ ಹತ್ತರಿಂದ ಹನ್ನೆರಡರೊಳಗೆ ಎಳ್ಳಮಾವಾಸ್ಯೆಗೆ ರೋಹಿಣಿ, ಯುಗಾದಿ ಅಮಾವಾಸ್ಯೆಗೆ ಮಘಾ, ಮಹಾಲಯ ಅಮಾವಾಸ್ಯೆಗೆ ಪೂರ್ವಾಭಾದ್ರೆಯ ಮಾರ್ಕಾಬ್ ನೆತ್ತಿಯಿಂದ ಎರಡೂವರೆ ಡಿಗ್ರಿಯೊಳಗೇ ಹಾದುಹೋಗುತ್ತವೆ. ರೋಹಿಣಿಯ ಪ್ರಕಾಶ ತುಸು ಏರಿಳಿಯುವುದರಿಂದ ಮಘೆಯನ್ನೇ ಹೆಚ್ಚು ನಂಬುತ್ತೇನೆ. ಹಸಿರು ರೇಖೆ ಒಂದೇ ರಾತ್ರಿಯಲ್ಲೂ ಬಹಳ ಬದಲಾಗುವುದರಿಂದ ಈ ಎರಡು ಗಂಟೆಗಳಾಚೆಯ ಚಿತ್ರಗಳನ್ನು ಋತುಮಾನದ ಲೆಕ್ಕಕ್ಕೆ ಸೇರಿಸುವುದಿಲ್ಲ.

ನಡುವೆ 630 ನ್ಯಾನೋಮೀಟರಿನ ಕೆಂಪು ರೇಖೆಯನ್ನೂ ಒಂದು ಕೈ ನೋಡಿದೆ. ಜೋಗಿಮಟ್ಟಿಯ ಕಡೆ ಹೋದರೆ ಗಾಳಿಯಂತ್ರಗಳ ತುದಿಯ ಕೆಂಪು ದೀಪಗಳು ಚಿತ್ರ ಕೆಡಿಸುತ್ತವೆ, ಆದ್ದರಿಂದ ಮೊಳಕಾಲ್ಮೂರು ದಾರಿಯ ನೆಂಟರ ಶೇಂಗಾ ಹೊಲಕ್ಕೇ ಮರಳಿದೆ. ಮಹಾಲಯದ ಆಸುಪಾಸಿನ ಒಂದು ರಾತ್ರಿ, ಉತ್ತರ ದಕ್ಷಿಣವಾಗಿ ಚಾಚಿದ ಕಪ್ಪು ಪಟ್ಟಿಗಳು ಪೂರ್ವಕ್ಕೆ ಸರಿಯುವುದು ಸ್ಪಷ್ಟವಾಗಿ ಕಂಡಿತು. ಸುಮಾರು 250 ಕಿಲೋಮೀಟರ್ ಎತ್ತರದ ಪ್ಲಾಸ್ಮಾ ಗುಳ್ಳೆಗಳು ಅವು, ಅಂದರೆ ಅಯಾನುಗೋಳದಲ್ಲಿ ಎಲೆಕ್ಟ್ರಾನುಗಳು ತೀರಾ ಕಡಿಮೆಯಿರುವ ಜಾಗಗಳು. ಸೋಡಿಯಂ ರೇಖೆಗೆ ಕೈಹಾಕಿ ಆರೇಳು ಸಾವಿರ ಕಳೆದುಕೊಂಡೆ. ಹೆದ್ದಾರಿಯಲ್ಲಿ ಉಳಿದಿರುವ ಹಳದಿ ಸೋಡಿಯಂ ದೀಪಗಳು ಹೋಗುವ ತನಕ ಆ ಕಡೆ ತಲೆ ಹಾಕುವುದಿಲ್ಲ.

ನೆನಪಿನಿಂದ ಹೇಳುವುದಾದರೆ, ಎಳ್ಳಮಾವಾಸ್ಯೆಯ ಹೊತ್ತಿಗೆ ನೂರು ನೂರಿಪ್ಪತ್ತು ರೇಲೀ (ಏರ್‌ಗ್ಲೋ ಹೊಳಪನ್ನು ಅಳೆಯುವ ಮಾನ) ಇದ್ದ ಹಸಿರು, ಯುಗಾದಿ ಮತ್ತು ಮಹಾಲಯದ ಹೊತ್ತಿಗೆ ನೂರೆಂಬತ್ತರವರೆಗೆ ಏರಿತು. ಹಗಲಿರುಳು ಸಮವಾಗುವ ವಿಷುವದ ತಿಂಗಳುಗಳ ಎರಡು ಏರಿಕೆಗಳಲ್ಲಿ ಯಾವುದು ದೊಡ್ಡದು ಎಂದು ಹೇಳುವಷ್ಟು ರಾತ್ರಿಗಳು ಇನ್ನೂ ನನ್ನಲ್ಲಿಲ್ಲ. ದೀಪಾವಳಿ ಅಮಾವಾಸ್ಯೆ ಪಟಾಕಿ ಹೊಗೆಯಿಂದಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಜಾಗ ಪ್ರತಿ ವರ್ಷವೂ ಮೋಡದಿಂದ ಖಾಲಿಯೇ ಉಳಿದಿದೆ. ಮಳೆ ಕೈಕೊಟ್ಟ ವರ್ಷದಲ್ಲಾದರೂ ಅದು ತುಂಬೀತೆಂದು ಕಾದಿದ್ದೇನೆ, ಹೊಲದ ನೆಂಟರ ಎದುರಿಗೆ ಮಾತ್ರ ಈ ಮಾತನ್ನು ಆಡುವಂತಿಲ್ಲ.