ಕಚೇರಿಯೊಳಗಿನ ಹೊಗೆಯನ್ನು ಹೊರಗೆ ಕಳುಹಿಸುವುದು ಹೇಗೆ?

ತುಮಕೂರಿನ ಬಿ.ಎಚ್. ರಸ್ತೆಯ ಕಟ್ಟಡಗಳಲ್ಲಿರುವ ಸಣ್ಣ ಕಚೇರಿಗಳಿರಲಿ, ಅಂತರಸನಹಳ್ಳಿಯ ಗೋದಾಮುಗಳಿರಲಿ, ವಸಂತನರಸಾಪುರದ ಕಾರ್ಖಾನೆಗಳಿರಲಿ, ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಚೀಟಿ ಎಲ್ಲಿಯೂ ಇಲ್ಲದಿಲ್ಲ. ಹಾಗೆಂದು ಹೊಗೆಯೂ ಇಲ್ಲದಿಲ್ಲ. ಅನುಮಾನವಿದ್ದರೆ ಮೆಟ್ಟಿಲಿನ ತಿರುವಿನಲ್ಲಿ ನೇತುಹಾಕಿರುವ ಕೆಂಪು ಬಕೆಟ್ಟಿನ ಮರಳನ್ನು ಒಂದು ಕಡ್ಡಿಯಿಂದ ಕೆದಕಿ ನೋಡಿ. ಮೇಲ್ಪದರದಲ್ಲಿ ಹೊಸ ಫಿಲ್ಟರ್ ತುಂಡುಗಳು, ಅದರ ಕೆಳಗೆ ಹಳದಿಗಟ್ಟಿದ ಹಳೆಯವು, ನಡುನಡುವೆ ಬೀಡಿಯ ಮೋಟುಗಳು, ಅರ್ಧ ಸುಟ್ಟ ಕಡ್ಡಿಗಳು. ಬೆಂಕಿ ನಂದಿಸಲು ಇಟ್ಟ ಮರಳು ಆ ಕಚೇರಿಯ ನಿಯಮ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬುದನ್ನು ಹೇಳಿಬಿಡುತ್ತದೆ.

ಇಂತಹ ನಿಯಮಗಳು ಹುಟ್ಟಿದ ಒಂದೆರಡು ವಾರಗಳಲ್ಲೇ ಸಾಯುವುದನ್ನು ಹಲವು ಕಡೆ ಕಂಡಿದ್ದೇನೆ. ಎಲ್ಲ ಕಡೆಯೂ ಎಡವುವ ಜಾಗ ಒಂದೇ: ನಿಯಮ ಮೊದಲು ಹಮಾಲರ ಬೀಡಿಯ ಮೇಲೆ ಬೀಳುತ್ತದೆ, ಯಜಮಾನರ ಕೋಣೆಯ ಸಿಗರೇಟನ್ನು ಯಾರೂ ಮುಟ್ಟುವುದಿಲ್ಲ. ಕೆಳಗಿನ ಹಂತಗಳನ್ನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹಂತ 1: ಕಾನೂನು ಏನು ಹೇಳುತ್ತದೆ ಎಂಬುದನ್ನು ಖಚಿತ ಮಾಡಿಕೊಳ್ಳಿ

2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ (ಕೋಟ್ಪಾ) 4ನೇ ಸೆಕ್ಷನ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಕೆಲಸದ ಸ್ಥಳಗಳನ್ನೂ ಕ್ಯಾಂಟೀನುಗಳನ್ನೂ ಹೆಸರಿಸಿಯೇ ಇದರೊಳಗೆ ತಂದಿವೆ. ಆದ್ದರಿಂದ ‘ಇದು ನಮ್ಮ ಖಾಸಗಿ ಕಟ್ಟಡ, ನಮ್ಮಿಷ್ಟ’ ಎಂಬ ವಾದ ನಿಲ್ಲುವುದಿಲ್ಲ. ದೇಶದಾದ್ಯಂತ 200 ರೂಪಾಯಿವರೆಗೆ ಇದ್ದ ದಂಡವನ್ನು ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ 1,000 ರೂಪಾಯಿಗೆ ಏರಿಸಿದೆ. 2025ರ ಮೇ ತಿಂಗಳ ಕೊನೆಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಈ ತಿದ್ದುಪಡಿ ತಂಬಾಕು ಜಗಿದು ಉಗಿಯುವವರನ್ನೂ ಬಿಟ್ಟಿಲ್ಲ.

ಒಳಗೇ ಒಂದು ‘ಸ್ಮೋಕಿಂಗ್ ರೂಮ್’ ಕಟ್ಟಿಬಿಡೋಣ ಎಂದು ಹೇಳುವವರು ಪ್ರತಿ ಸಭೆಯಲ್ಲಿಯೂ ಒಬ್ಬರು ಇರುತ್ತಾರೆ. 30 ಅಥವಾ ಹೆಚ್ಚು ಕೋಣೆಗಳ ಹೋಟೆಲ್, 30 ಅಥವಾ ಹೆಚ್ಚು ಆಸನಗಳ ರೆಸ್ಟೋರೆಂಟ್ ಮತ್ತು ವಿಮಾನ ನಿಲ್ದಾಣಗಳಿಗೆ ಮಾತ್ರ ಆ ಅವಕಾಶವಿದೆ. ಕಚೇರಿಗೂ ಕಾರ್ಖಾನೆಗೂ ಇಲ್ಲ. ಎಕ್ಸಾಸ್ಟ್ ಫ್ಯಾನು, ಗಾಜಿನ ಬಾಗಿಲು ಎಂದು ಹಣ ಸುರಿಯುವ ಮೊದಲು ಇದನ್ನು ತಿಳಿದಿರಿ.

ಹಂತ 2: ಒಂದು ಸುತ್ತು ನಡೆದು ಬನ್ನಿ

ಶೌಚಾಲಯದ ಕಿಟಕಿಯ ಅಂಚು, ಜನರೇಟರ್ ಹಿಂಭಾಗ, ತಾರಸಿಯ ನೀರಿನ ತೊಟ್ಟಿಯ ನೆರಳು, ಮೆಟ್ಟಿಲಿನ ತಿರುವು, ಭದ್ರತಾ ಸಿಬ್ಬಂದಿಯ ಗೂಡು. ತುಂಡುಗಳು ಬಿದ್ದಿರುವ ಜಾಗಗಳನ್ನು ಬರೆದುಕೊಳ್ಳಿ, ಸೇದುವವರ ಹೆಸರುಗಳನ್ನಲ್ಲ.

ಹಂತ 3: ನಿಯಮವನ್ನು ಅರ್ಧ ಪುಟದಲ್ಲಿ ಮುಗಿಸಿ

ಕಟ್ಟಡದೊಳಗೆ, ಮೆಟ್ಟಿಲು, ಶೌಚಾಲಯ, ಕ್ಯಾಂಟೀನ್ ಮತ್ತು ಕಂಪನಿಯ ವಾಹನಗಳಲ್ಲಿ ಯಾರೂ ಸೇದುವಂತಿಲ್ಲ. ಮಾಲೀಕರು, ಗ್ರಾಹಕರು, ಸರಕು ತಂದ ಲಾರಿ ಚಾಲಕರು, ಗುತ್ತಿಗೆ ಕೆಲಸಗಾರರು ಎಲ್ಲರಿಗೂ ಇದೇ ನಿಯಮ. ‘ಎಲ್ಲರಿಗೂ’ ಎಂದು ಬರೆದು ಸುಮ್ಮನಾಗಬೇಡಿ, ಮಾಲೀಕರು ಎಂಬ ಪದವನ್ನು ಬಿಡಿಸಿ ಬರೆಯಿರಿ. ಇ-ಸಿಗರೇಟನ್ನೂ ಸೇರಿಸಿ. 2019ರ ಕಾಯ್ದೆ ಅದರ ತಯಾರಿಕೆ, ಮಾರಾಟ, ಆಮದು, ದಾಸ್ತಾನು ಎಲ್ಲವನ್ನೂ ನಿಷೇಧಿಸಿದ್ದರೂ ‘ಇದು ಬರೀ ಆವಿ’ ಎನ್ನುವ ಯುವಕರು ಇನ್ನೂ ಇದ್ದಾರೆ. ಗುಟ್ಕಾ, ಜಗಿಯುವ ತಂಬಾಕನ್ನು ಮರೆತರೆ ಸಿಗರೇಟು ನಿಂತ ಮೂಲೆಯಲ್ಲಿ ಕೆಂಪು ಕಲೆಗಳು ಶುರುವಾಗುತ್ತವೆ.

ಎಲ್ಲವೂ ಕನ್ನಡದಲ್ಲಿರಲಿ. ಹೊರ ರಾಜ್ಯದ ಕೆಲಸಗಾರರಿದ್ದರೆ ಹಿಂದಿಯಲ್ಲೊಂದು ಪ್ರತಿ ಇರಲಿ. ಬರೀ ಇಂಗ್ಲಿಷಿನ ಇ-ಮೇಲ್ ಕಳುಹಿಸಿ ‘ಎಲ್ಲರಿಗೂ ತಿಳಿಸಿದ್ದೇವೆ’ ಎನ್ನುವುದು ಲೋಡಿಂಗ್ ಮಾಡುವವರಿಗೆ ಮಾಡುವ ಅನ್ಯಾಯ.

ಹಂತ 4: ಫಲಕ

ಅಂಗಡಿಯಲ್ಲಿ ಸಿಗುವ ಅಂಗೈಯಗಲದ ಸ್ಟಿಕ್ಕರ್ ಸಾಲದು. ಫಲಕದ ಅಳತೆ ಕನಿಷ್ಠ 60 ಸೆಂ.ಮೀ. × 30 ಸೆಂ.ಮೀ., ಹಿನ್ನೆಲೆ ಬಿಳಿ. ಕನಿಷ್ಠ 15 ಸೆಂ.ಮೀ. ವ್ಯಾಸದ ವೃತ್ತ, ಅದಕ್ಕೆ 3 ಸೆಂ.ಮೀ. ಅಗಲದ ಕೆಂಪು ಅಂಚು, ನಡುವೆ ಹೊಗೆಯಾಡುವ ಸಿಗರೇಟು ಅಥವಾ ಬೀಡಿ, ಅದರ ಮೇಲೆ ಅಡ್ಡಕ್ಕೆ ಕೆಂಪು ಪಟ್ಟಿ. ಇದು ಧೂಮಪಾನರಹಿತ ಪ್ರದೇಶ, ಇಲ್ಲಿ ಸೇದುವುದು ಅಪರಾಧ ಎಂಬ ಒಕ್ಕಣೆ ಇರಬೇಕು. ಪ್ರವೇಶದ್ವಾರ, ಪ್ರತಿ ಮಹಡಿ, ಮೆಟ್ಟಿಲು ಮತ್ತು ಲಿಫ್ಟಿನ ಬಳಿ ಹಾಕಬೇಕು.

ದೂರನ್ನು ಯಾರಿಗೆ ಕೊಡಬೇಕು ಎಂಬುದನ್ನೂ ಸ್ಪಷ್ಟವಾಗಿ ಪ್ರಕಟಿಸಬೇಕು. ಬಹುತೇಕ ಕಚೇರಿಗಳು ಈ ಜಾಗವನ್ನು ಖಾಲಿ ಬಿಡುತ್ತವೆ ಅಥವಾ ‘ಆಡಳಿತ ಮಂಡಳಿ’ ಎಂದು ಬರೆಸುತ್ತವೆ. ಮಂಡಳಿಯ ಬಳಿ ಯಾರೂ ದೂರು ಹೇಳುವುದಿಲ್ಲ. ದೂರು ಬಂದರೂ ಕ್ರಮ ಕೈಗೊಳ್ಳದ ಮಾಲೀಕರು, ವ್ಯವಸ್ಥಾಪಕರು ಅಷ್ಟೂ ಅಪರಾಧಗಳಿಗೆ ಸಮನಾದ ದಂಡ ತೆರಬೇಕು ಎಂದು ನಿಯಮವೇ ಹೇಳುತ್ತದೆ. ಆಷ್ ಟ್ರೇ, ಬೆಂಕಿಪೊಟ್ಟಣ, ಲೈಟರ್‌ಗಳನ್ನು ಅದೇ ದಿನ ತೆಗೆಸಿ. ಅತಿಥಿಗಳಿಗೆಂದು ಸ್ವಾಗತ ಮೇಜಿನ ಮೇಲಿಟ್ಟ ಹಿತ್ತಾಳೆಯ ಆಷ್ ಟ್ರೇಗೂ ವಿನಾಯಿತಿ ಬೇಡ.

ಇಲ್ಲಿ ಒಂದು ಮಾತು. ಹೊಗೆ ಹೀರುವ ಆಷ್ ಟ್ರೇ, ರೂಮ್ ಫ್ರೆಶ್‌ನರ್, ಗಾಳಿ ಶುದ್ಧಗೊಳಿಸುವ ಯಂತ್ರ ಇವುಗಳಿಗೆ ದುಡ್ಡು ಹಾಕಬೇಡಿ. ಒಳ್ಳೆಯ ಫಿಲ್ಟರ್ ಹೊಗೆಯ ಕಣಗಳನ್ನು ಹಿಡಿದೀತು, ಕಾರ್ಬನ್ ಮಾನಾಕ್ಸೈಡ್‌ನಂತಹ ಅನಿಲವನ್ನು ಹಿಡಿಯುವುದಿಲ್ಲ. ಪಕ್ಕದವರ ಹೊಗೆಗೆ ‘ಇಷ್ಟಾದರೆ ಅಪಾಯವಿಲ್ಲ’ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾಸನೆ ಮುಚ್ಚಿದರೆ ಹೊಗೆ ಹೋದಂತಲ್ಲ. ಊದುಬತ್ತಿ ಹಚ್ಚುವವರಿಗೂ ಇದೇ ಮಾತು ಹೇಳುತ್ತೇನೆ, ಅದು ಹೊಗೆಗೆ ಹೊಗೆ ಸೇರಿಸುತ್ತದೆ ಅಷ್ಟೆ.

ಹಂತ 5: ಹೊರಗೆ ಒಂದು ಜಾಗ ತೋರಿಸಿ

ತೆರೆದ ಅಂಗಳದಲ್ಲಿ ಸೇದಲು ಜಾಗ ಕೊಡಬೇಕೆಂಬ ಕಡ್ಡಾಯವಿಲ್ಲ. ಆದರೂ ಕೊಡಿ ಎಂಬುದು ನನ್ನ ಸಲಹೆ. ಜಾಗ ತೋರಿಸದಿದ್ದರೆ ಜನ ತಾವೇ ಹುಡುಕಿಕೊಳ್ಳುತ್ತಾರೆ, ಅವರು ಹುಡುಕುವ ಜಾಗ ಶೌಚಾಲಯವೋ ಸರಕಿನ ರಾಶಿಯ ಮರೆಯೋ ಆಗಿರುತ್ತದೆ. ಗುಬ್ಬಿ, ತಿಪಟೂರು, ತುರುವೇಕೆರೆಯ ಕಡೆಯ ನಾರಿನ ಘಟಕಗಳಲ್ಲಿ ಇದು ಪ್ರಾಣದ ಪ್ರಶ್ನೆ. ತೆಂಗಿನ ನಾರಿನ ರಾಶಿಗೆ ಬಿದ್ದ ಬೀಡಿಯ ಕಿಡಿ ತಕ್ಷಣ ಉರಿಯುವುದಿಲ್ಲ, ಒಳಗೊಳಗೇ ಗಂಟೆಗಟ್ಟಲೆ ಕನಲುತ್ತದೆ, ಎಲ್ಲರೂ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಕೊಬ್ಬರಿ, ಗೋಣಿಚೀಲ, ರಟ್ಟಿನ ಪೆಟ್ಟಿಗೆ ತುಂಬಿದ ಗೋದಾಮುಗಳಲ್ಲಿಯೂ ಬೆಂಕಿಪೊಟ್ಟಣವನ್ನು ಗೇಟಿನಲ್ಲೇ ಬಿಡಿಸಿಕೊಳ್ಳಬೇಕು.

ಬಾಗಿಲು, ಕಿಟಕಿ, ಎ.ಸಿ. ಘಟಕಗಳಿಂದ ಕನಿಷ್ಠ ಹತ್ತು ಮೀಟರ್ ದೂರವಿರಲಿ. ನೆಲ ಸಿಮೆಂಟಿನದಾಗಿರಲಿ, ಒಣಹುಲ್ಲು ಹತ್ತಿರ ಬೇಡ. ಮರಳು ತುಂಬಿದ ಕಬ್ಬಿಣದ ಡಬ್ಬಿ ಇಡಿ. ಪ್ಲಾಸ್ಟಿಕ್ ಬುಟ್ಟಿ ಖಂಡಿತ ಬೇಡ. ಮಳೆಗೆ ಒಂದು ತಗಡಿನ ಮಾಡು ಸಾಕು. ಕುರ್ಚಿ ಹಾಕಬೇಡಿ, ಫ್ಯಾನ್ ಹಾಕಬೇಡಿ, ಚಹಾದ ಫ್ಲಾಸ್ಕ್ ಅಲ್ಲಿಗೆ ಹೋಗಬಾರದು. ಬಡ್ತಿ, ರಜೆ, ಕೆಲಸ ಹಂಚಿಕೆಯ ಮಾತುಗಳು ಆ ಮಾಡಿನ ಕೆಳಗೇ ನಡೆಯತೊಡಗಿದರೆ ಸೇದದವರು, ಮುಖ್ಯವಾಗಿ ಮಹಿಳಾ ಸಿಬ್ಬಂದಿ, ಆ ಮಾತುಗಳಿಂದಲೇ ಹೊರಗುಳಿಯುತ್ತಾರೆ. ಅಂತಹ ಮಾತು ಒಳಗಿನ ಮೇಜಿನ ಮೇಲೆಯೇ ನಡೆಯಲಿ. ಕ್ಯಾಂಟೀನಿನಲ್ಲಿ ಬಿಡಿ ಸಿಗರೇಟು ಮಾರಿದರೆ ಕೂಡಲೇ ನಿಲ್ಲಿಸಿ, ರಾಜ್ಯದಲ್ಲಿ ಬಿಡಿಯಾಗಿ ಮಾರುವುದೇ ನಿಷಿದ್ಧ.

ಹಂತ 6: ಮೊದಲ ಬಾರಿ ನಿಯಮ ಮುರಿದಾಗ

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ.

ನಿಯಮ ಜಾರಿಯಾಗುವ ಹಿಂದಿನ ದಿನ ಮಾಲೀಕರ ಕೋಣೆಗೆ ಹೋಗಿ. ಸೇದುವ ಮಾಲೀಕರಿದ್ದರೆ ನೇರವಾಗಿ ಕೇಳಿ: ‘ನಾಳೆಯಿಂದ ನೀವು ಎಲ್ಲರ ಕಣ್ಣೆದುರು ಕೆಳಗಿಳಿದು ಹೋಗಿ ಸೇದುತ್ತೀರಾ?’ ಹೌದು ಎಂದರೆ ಮುಂದುವರಿಯಿರಿ. ‘ನನ್ನ ಕೋಣೆಯ ವಿಷಯ ಬೇರೆ’ ಎಂದರೆ ಅಲ್ಲಿಗೇ ನಿಲ್ಲಿಸಿ, ಅವರು ಒಪ್ಪುವವರೆಗೆ ಫಲಕ ಹಾಕಿಸಬೇಡಿ. ಬಾಗಿಲು ಮುಚ್ಚಿದರೂ ಹೊಗೆ ಸಂದುಗಳಿಂದ, ಎ.ಸಿ. ಕೊಳವೆಯಿಂದ ಹೊರಗೆ ಬರುತ್ತದೆ, ಅದರ ಜೊತೆಗೆ ನಿಯಮದ ಬಗ್ಗೆ ಇದ್ದ ಗೌರವವೂ ಹೊರಟುಹೋಗುತ್ತದೆ. ಆ ಕೋಣೆಗೆ ದಿನಕ್ಕೆ ನಾಲ್ಕು ಸಲ ಚಹಾ ಒಯ್ಯುವ ಹುಡುಗ, ಪಕ್ಕದಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವ ಗರ್ಭಿಣಿ ಸಹಾಯಕಿ ‘ಸರ್, ಹೊಗೆ’ ಎಂದು ಹೇಳಲಾರರು. ಹೇಳಲಾಗದವರಿಗಾಗಿಯೇ ಈ ನಿಯಮ ಇರುವುದು.

ದೂರು ಕೇಳಲು ಆರಿಸುವ ವ್ಯಕ್ತಿ ಹೊಸಬರಾಗಿರಬಾರದು, ವ್ಯವಸ್ಥಾಪಕರ ಬಾಲಬಡುಕರೂ ಆಗಿರಬಾರದು. ಮಾತು ಮೆದುವಾಗಿದ್ದು, ಬೆನ್ನು ನೆಟ್ಟಗಿರುವವರು ಬೇಕು. ಸೇದುವವರೇ ಆಗಿದ್ದರೂ ನಡೆಯುತ್ತದೆ, ಕೆಲವೊಮ್ಮೆ ಅವರೇ ಉತ್ತಮ. ದೂರು ಕೊಟ್ಟವರ ಹೆಸರು ಅವರ ಬಾಯಿಂದ ಎಂದಿಗೂ ಹೊರಬರಬಾರದು.

ಇನ್ನು ಮಾತು. ಮೆಟ್ಟಿಲಿನಲ್ಲಿ ಒಬ್ಬರು ಸೇದುತ್ತಿದ್ದಾರೆ ಎಂದಿಟ್ಟುಕೊಳ್ಳಿ. ದೂರದಿಂದ ಕೂಗಬೇಡಿ, ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಹತ್ತಿರ ಹೋಗಿ, ‘ಇಲ್ಲಿ ಬೇಡ, ಕೆಳಗೆ ಜಾಗ ಮಾಡಿದ್ದೇವೆ, ಬನ್ನಿ’ ಎನ್ನಿ. ‘ಬನ್ನಿ’ ಎಂದ ಮೇಲೆ ಅವರ ಜೊತೆ ಎರಡು ಮೆಟ್ಟಿಲು ಇಳಿಯಿರಿ. ಆರೋಗ್ಯದ ಭಾಷಣ ಅಲ್ಲಿ ಬೇಡ. ಪ್ಯಾಕೆಟ್ಟಿನ ಮೇಲಿನ ಚಿತ್ರವನ್ನು ಅವರು ದಿನವೂ ನೋಡುತ್ತಾರೆ, ನೀವು ಹೊಸದೇನನ್ನೂ ಹೇಳುವುದಿಲ್ಲ. ಎರಡನೆಯ ಬಾರಿ ಸಿಕ್ಕರೆ ಬಾಗಿಲು ಹಾಕಿಕೊಂಡು ಐದು ನಿಮಿಷ ಮಾತನಾಡಿ, ದಿನಾಂಕ ಬರೆದುಕೊಳ್ಳಿ. ಮೂರನೆಯ ಬಾರಿ ಲಿಖಿತ ಎಚ್ಚರಿಕೆ. ಈ ಮೂರು ಮೆಟ್ಟಿಲುಗಳನ್ನು ನಿಯಮದ ಕಾಗದದಲ್ಲಿ ಮೊದಲೇ ಬರೆದಿಟ್ಟಿರಬೇಕು. ವ್ಯವಸ್ಥಾಪಕರು ಸಿಕ್ಕಿಬಿದ್ದಾಗಲೂ ಅದೇ ಕಾಗದ, ಅದೇ ಸಹಿ.

ಸಂಬಳದಲ್ಲಿ ನೂರು, ಇನ್ನೂರು ಹಿಡಿಯುವ ಅಡ್ಡದಾರಿ ಹಲವರಿಗೆ ಇಷ್ಟ. ಅದನ್ನು ಬಿಟ್ಟುಬಿಡಿ. ವೇತನದಿಂದ ದಂಡ ಕಡಿತ ಮಾಡಲು ಕಾನೂನಿನ ಕಟ್ಟುಪಾಡುಗಳಿವೆ: ಯಾವ ತಪ್ಪಿಗೆ ದಂಡ ಎಂಬುದಕ್ಕೆ ಮೊದಲೇ ಅನುಮೋದನೆ ಬೇಕು, ಕೆಲಸಗಾರನಿಗೆ ಸಮಜಾಯಿಷಿ ಹೇಳಲು ಅವಕಾಶ ಕೊಡಬೇಕು, ಮೊತ್ತ ಆ ಅವಧಿಯ ವೇತನದ ಶೇ 3ನ್ನು ಮೀರಬಾರದು, ಹಣ ಕೆಲಸಗಾರರ ಒಳಿತಿಗೇ ಖರ್ಚಾಗಬೇಕು. ಇವುಗಳಲ್ಲಿ ಒಂದನ್ನೂ ಪಾಲಿಸದೆ ಹಮಾಲರ ಕೂಲಿಯಲ್ಲಿ ಹಣ ಹಿಡಿದ ಕಡೆಗಳಲ್ಲಿ ಹೊಗೆ ನಿಂತಿಲ್ಲ, ಮನಸ್ತಾಪ ಮಾತ್ರ ಬೆಳೆದಿದೆ. ಶೌಚಾಲಯದ ಬಾಗಿಲಿಗೆ ಕ್ಯಾಮೆರಾ ತಿರುಗಿಸುವುದೂ ಅಷ್ಟೇ ಕೆಟ್ಟ ಉಪಾಯ.

ಗ್ರಾಹಕರು ಬಂದು ಕುಳಿತು ಸಿಗರೇಟು ಹಚ್ಚಿದರೆ? ದೊಡ್ಡ ಆರ್ಡರು ಕೊಡುವವರು, ಹೇಗೆ ಹೇಳುವುದು? ಹೇಳುವ ಹೊಣೆ ಸ್ವಾಗತಕಾರಿಣಿಯದಲ್ಲ, ಅವರನ್ನು ಕರೆದವರದು. ‘ಬನ್ನಿ, ಹೊರಗೆ ನಿಂತು ಮಾತನಾಡೋಣ’ ಎಂದರೆ ಮುನಿಸಿಕೊಂಡವರನ್ನು ನಾನು ಕಂಡಿಲ್ಲ.

ಹಂತ 7: ಬಿಡಬೇಕೆನ್ನುವವರಿಗೆ ನೆರವಾಗಿ

ನಿಯಮ ಬಂದ ತಿಂಗಳಲ್ಲೇ ಒಬ್ಬಿಬ್ಬರು ‘ಬಿಟ್ಟೇಬಿಡೋಣ’ ಎಂದು ಯೋಚಿಸುತ್ತಾರೆ. 1800-11-2356 ರಾಷ್ಟ್ರೀಯ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಆಪ್ತ ಸಲಹೆ ಸಿಗುತ್ತದೆ. ಈ ಸಂಖ್ಯೆಯನ್ನು ಹೊರಗಿನ ಮಾಡಿನ ಕಂಬಕ್ಕೇ ಅಂಟಿಸಿ. ಜಿಲ್ಲಾ ಆಸ್ಪತ್ರೆಗೆ ಹೋಗಿಬರಲು ಅರ್ಧ ದಿನ ರಜೆ ಕೊಡಿ. ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಹೆಚ್ಚು. ಆ ದಿನಗಳಲ್ಲಿ ಅವರನ್ನು ಲೆಕ್ಕಪರಿಶೋಧನೆಗೆ ಕೂರಿಸಬೇಡಿ.

ನಿಕೋಟಿನ್ ಚ್ಯೂಯಿಂಗ್ ಗಮ್ ಬಳಸುವವರಲ್ಲಿ ಬಹುಪಾಲು ಜನ ತಪ್ಪಾಗಿ ಬಳಸಿ ‘ಕೆಲಸಕ್ಕೆ ಬಾರದು’ ಎಂದು ಬಿಸಾಡುತ್ತಾರೆ. ಅದನ್ನು ಬಬಲ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ನಿಧಾನವಾಗಿ ಅಗಿಯಬೇಕು, ನಾಲಿಗೆಗೆ ಮೆಣಸಿನಂತಹ ಚುರುಕು ಹತ್ತಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ತಗ್ಗಿದ ಮೇಲೆ ಮತ್ತೆ ಅಗಿದು, ಬಾಯಿಯ ಇನ್ನೊಂದು ಬದಿಯಲ್ಲಿಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ಒಂದೇ ಸಮನೆ ಅಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರುತ್ತದೆ, ಬಯಕೆ ಮಾತ್ರ ಇಳಿಯುವುದಿಲ್ಲ. ಬಾಯಿಗೆ ಹಾಕುವ ಹದಿನೈದು ನಿಮಿಷ ಮೊದಲಿನಿಂದ ಕಾಫಿ, ಚಹಾ, ಹಣ್ಣಿನ ರಸ ಕುಡಿಯಬಾರದು, ಕುಡಿದರೆ ನಿಕೋಟಿನ್ ಒಸಡಿನ ಮೂಲಕ ಸರಿಯಾಗಿ ಮೈಗೆ ಸೇರುವುದಿಲ್ಲ. ಹನ್ನೊಂದು ಗಂಟೆಯ ಕಾಫಿಯ ಜೊತೆಗೇ ಗಮ್ ಹಾಕಿಕೊಳ್ಳುವುದು ನಮ್ಮ ಕಚೇರಿಗಳ ಸಾಮಾನ್ಯ ತಪ್ಪು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

ಹಂತ 8: ಶುರು ಮಾಡುವ ದಿನ, ಆಮೇಲಿನ ದಿನಗಳು

ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಕಾಯಬೇಡಿ. ಬ್ಯಾನರು, ಪ್ರತಿಜ್ಞೆ, ಫೋಟೊ ಮುಗಿದು ಜೂನ್ ಒಂದಕ್ಕೆ ಎಲ್ಲವೂ ಹಳೆಯ ದಾರಿಗೆ ಬರುತ್ತದೆ. ಕೆಲಸದ ಒತ್ತಡ ಕಡಿಮೆ ಇರುವ ತಿಂಗಳಿನ ಒಂದು ಸಾಮಾನ್ಯ ಸೋಮವಾರ ಸಾಕು, ಎರಡು ವಾರ ಮೊದಲು ತಿಳಿಸಿ. ಆ ಸೋಮವಾರದ ಬೆಳಿಗ್ಗೆ ಕೆಂಪು ಬಕೆಟ್ಟುಗಳ ಹಳೆಯ ಮರಳನ್ನು ಚೆಲ್ಲಿ ಹೊಸ ಮರಳು ತುಂಬಿಸಿ, ವಾರಕ್ಕೊಮ್ಮೆ ಕೆದಕಿ ನೋಡಿ. ಹೊಸದಾಗಿ ಸೇರುವವರಿಗೆ ಗುರುತಿನ ಚೀಟಿಯ ಜೊತೆಗೇ ನಿಯಮದ ಪ್ರತಿ ಕೊಡಿ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ತಂಡಕ್ಕೆ ಗೇಟಿನಲ್ಲಿ ನಿಲ್ಲಿಸಿ ಬಾಯಿಮಾತಿನಲ್ಲಿ ಹೇಳಿ. ದೂರು ಕೇಳುವವರು ಕೆಲಸ ಬಿಟ್ಟರೆ ಅಥವಾ ವರ್ಗವಾದರೆ ಅವರ ಕೊನೆಯ ದಿನವೇ ಫಲಕದ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಬದಲಿಸಿ.