ಅಟ್ಲಾಸ್ ಪತಂಗ ಸಾಕುವಾಗ ನಾನು ಪಾಲಿಸುವ ಕ್ರಮ

ಪಶ್ಚಿಮ ಘಟ್ಟದ ಅಟ್ಲಾಸ್ ಪತಂಗ, ಅಂದರೆ ಅಟ್ಟಾಕಸ್ ಟಾಪ್ರೊಬಾನಿಸ್, ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ತಿನ್ನಲು ಬಾಯಿಯೇ ಬೆಳೆದಿರುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟದ್ದೇ ಬುತ್ತಿ. ಆದ್ದರಿಂದ ಸಾಕಣೆಯೆಂದರೆ ಮುಕ್ಕಾಲು ಪಾಲು ಸೊಪ್ಪಿನ ಕೆಲಸ.

ಮೊಟ್ಟೆಯೊಡೆಯಲು ಹತ್ತು ಹನ್ನೆರಡು ದಿನ ಬೇಕು. ನಾನು ಕೊಡುವುದು ದಾಲ್ಚಿನ್ನಿ ಅಥವಾ ಪೇರಲೆ ಸೊಪ್ಪು. ಮೊದಲು ಯಾವುದಕ್ಕೆ ಬಾಯಿ ಹಾಕಿತೋ ಕೊನೆತನಕ ಅದೇ. ನಡುವೆ ಬದಲಿಸಿದರೆ ಹಸಿದೇ ಕೂರುತ್ತವೆ. ರೆಂಬೆಯನ್ನು ನೀರಿನ ಬಾಟಲಿಯಲ್ಲಿಟ್ಟು, ಬಾಟಲಿಯ ಬಾಯಿಗೆ ಹತ್ತಿ ತುರುಕುತ್ತೇನೆ. ಸಂದು ಬಿಟ್ಟರೆ ಹುಳು ಕಾಂಡ ಹಿಡಿದು ಕೆಳಗಿಳಿದು ನೀರಿಗೆ ಬೀಳುತ್ತದೆ. ಸೊಪ್ಪಿನ ಮೇಲೆ ನೀರು ನಿಲ್ಲಬಾರದು, ಕೆಳಗಿನ ಕಾಗದವನ್ನು ದಿನವೂ ಬದಲಿಸಬೇಕು. ಹಿಕ್ಕೆ ಗಟ್ಟಿ ಗುಳಿಗೆಯಂತಿದ್ದರೆ ಆರೋಗ್ಯ. ತೆಳುವಾಗಿ ಅಂಟಿಕೊಂಡರೆ ಆ ಹುಳುವನ್ನು ಕೂಡಲೇ ಬೇರೆಯಿಡುತ್ತೇನೆ.

ರೇಷ್ಮೆ ಸಾಕುವವರು ಪೊರೆ ಬಿಡುವುದನ್ನು ‘ಜ್ವರ’ ಎನ್ನುತ್ತಾರೆ. ಆಗ ಹುಳು ತಲೆಯೆತ್ತಿ ಒಂದೆರಡು ದಿನ ಅಲುಗಾಡದೆ ಕೂತಿರುತ್ತದೆ. ಸತ್ತಿತೆಂದು ಎತ್ತಬೇಡಿ. ಕಾಲಿನಡಿ ನೂಲಿನ ಹಾಸು ನೆಯ್ದು ಹಳೆಯ ಚರ್ಮವನ್ನು ಅದಕ್ಕೆ ಸಿಕ್ಕಿಸಿಕೊಂಡಿರುತ್ತದೆ. ಹಿಡಿತ ಕಿತ್ತರೆ ಪೊರೆ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಹುಳು ಉಳಿಯುವುದಿಲ್ಲ. ಎಲೆ ಬದಲಿಸಲೇಬೇಕಾದರೆ ಅದು ಕೂತ ಕಡ್ಡಿಯನ್ನೇ ಕತ್ತರಿಸಿ ಹೊಸ ರೆಂಬೆಗೆ ಕಟ್ಟಿ.

ಐದಾರು ವಾರಕ್ಕೆ ಮೈಮೇಲೆ ಬಿಳಿ ಹಿಟ್ಟು ಮೆತ್ತಿದ ಹಸಿರು ಹುಳು ಎಲೆ ಮಡಚಿ ಕಂದು ಗೂಡು ಕಟ್ಟುತ್ತದೆ. ಎಲೆಯ ತೊಟ್ಟನ್ನೂ ಕಡ್ಡಿಗೆ ನೂಲಿನಿಂದ ಸುತ್ತಿ ಭದ್ರ ಮಾಡಿಕೊಳ್ಳುತ್ತದೆ. ಸುಮಾರು ಒಂದು ತಿಂಗಳಲ್ಲಿ ಪತಂಗ ಬರಬಹುದು. ಒಣಹವೆಯಲ್ಲಿ ತಿಂಗಳುಗಟ್ಟಲೆ ನಿದ್ದೆಯಲ್ಲೇ ಇರುವುದೂ ಸಹಜ. ಗೂಡನ್ನು ಕತ್ತರಿಸಿ ನೋಡುವ ಅಗತ್ಯವಿಲ್ಲ. ಅಂಗೈಯಲ್ಲಿಟ್ಟಾಗ ಭಾರವಾಗಿದ್ದರೆ ಜೀವವಿದೆ, ಒಣ ಎಲೆಯಷ್ಟು ಹಗುರವಾಗಿದ್ದರೆ ಇಲ್ಲ.

ಗೂಡಿನ ಬಾಯಿ ಮೇಲಿರುವಂತೆ ತೂಗುಹಾಕಿ. ಪಂಜರ ಕನಿಷ್ಠ 45 ಸೆಂ.ಮೀ. ಎತ್ತರ ಅಗಲವಿರಲಿ, ಸುತ್ತಲೂ ಬಲೆಬಟ್ಟೆ ಇರಲಿ. ಹೊರಬಂದ ಪತಂಗ ಏನನ್ನಾದರೂ ಹಿಡಿದು ಜೋತುಬಿದ್ದರೆ ಮಾತ್ರ ಮುದುಡಿದ ರೆಕ್ಕೆಗೆ ದ್ರವ ಇಳಿದು ಹರಡುತ್ತದೆ. ನುಣುಪಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜಾರಿ ಬಿದ್ದರೆ ರೆಕ್ಕೆ ಸೊಟ್ಟಗೇ ಒಣಗುತ್ತದೆ, ಆಮೇಲೆ ಸರಿಪಡಿಸಲಾಗದು.

ಅಗಲ ಗರಿಮೀಸೆಯದು ಗಂಡು, ಸಪೂರ ಮೀಸೆಯ ದಪ್ಪ ಹೊಟ್ಟೆಯದು ಹೆಣ್ಣು. ಹೆಣ್ಣನ್ನು ಒಂದು ರಾತ್ರಿ ಬಲೆಯೊಳಗೇ ಹೊರಗಿಟ್ಟರೆ ಅದರ ವಾಸನೆಗೆ ಕಾಡಿನ ಗಂಡುಗಳು ಬಂದು ಬಲೆಗೆ ಕೂರುತ್ತವೆ. ಆಗ ಬಲೆ ತೆರೆದುಬಿಡುತ್ತೇನೆ. ಹಗಲು ಬಿಡುವುದೇ ಇಲ್ಲ, ಕಾಗೆ ಕಾಜಾಣಗಳ ಕಣ್ಣಿಗೆ ಬೀಳುತ್ತದೆ.