ಸೈಕಲ್ ಎಲ್ಲಿ ನಿಲ್ಲುತ್ತದೋ ಅಲ್ಲೇ ಸ್ಟ್ಯಾಂಡ್

ಧಾರವಾಡದಲ್ಲಿ ಸೈಕಲ್ ಹೊಡೆಯುವವರಿಗೆ ಒಂದೋ ಏರು, ಇಲ್ಲಾ ಇಳಿಜಾರು. ನಮ್ಮ ಕ್ಯಾಂಪಸ್ಸೂ ಹಾಗೇ. ನಾನು ಇಲ್ಲಿನ ಎಸ್ಟೇಟ್ ವಿಭಾಗದಲ್ಲಿ ಜೂನಿಯರ್ ಇಂಜಿನಿಯರ್. ಸೋರುವ ಟೆರೇಸು, ಕಟ್ಟಿಕೊಂಡ ಚರಂಡಿ, ಮುರಿದ ನಲ್ಲಿ, ಇಷ್ಟರಲ್ಲೇ ದಿನ ಮುಗಿಯುತ್ತದೆ. ಸೈಕಲ್ ವಿಷಯ ನನ್ನ ಟೇಬಲ್‌ಗೆ ಬಂದದ್ದು ಒಂದು ದೂರಾಗಿ. ವಿದ್ಯಾರ್ಥಿಗಳು ಲೈಬ್ರರಿ ಮೆಟ್ಟಿಲಿನ ಕಂಬಿಗೆ ಸೈಕಲ್ ಕಟ್ಟುತ್ತಿದ್ದಾರೆ, ಕ್ರಮ ಕೈಗೊಳ್ಳಿ ಅಂತ.

ಕ್ರಮ ಅಂದರೆ ನಮ್ಮಲ್ಲಿ ಒಂದು ಬೋರ್ಡು. 'ಇಲ್ಲಿ ಸೈಕಲ್ ನಿಲ್ಲಿಸಬಾರದು' ಅಂತ ಬರೆಸಿ ನೆಟ್ಟೆವು. ಎರಡನೇ ದಿನ ಆ ಬೋರ್ಡಿನ ಕಂಬಕ್ಕೇ ಒಂದು ಸೈಕಲ್ ಸರಪಳಿ ಹಾಕಿಸಿಕೊಂಡು ನಿಂತಿತ್ತು.

ಹಾಗಂತ ಸ್ಟ್ಯಾಂಡ್ ಇರಲಿಲ್ಲ ಅಂತಲ್ಲ. ಆಡಳಿತ ಕಟ್ಟಡದ ಹಿಂದೆ ತಗಡಿನ ಶೆಡ್ ಒಂದಿತ್ತು. ಅದರಲ್ಲಿ ಮುಂದಿನ ಗಾಲಿ ತೂರಿಸುವ ಕಬ್ಬಿಣದ ಸಾಲು. ಅರ್ಧಕ್ಕರ್ಧ ಖಾಲಿ. ಮೆಟ್ಟಿಲ ಹತ್ತಿರ ಸೈಕಲ್ ಕಟ್ಟುತ್ತಿದ್ದ ಹುಡುಗನೊಬ್ಬನನ್ನು ಹಿಡಿದು ಕೇಳಿದೆ, "ಯಾಕೋ ತಮ್ಮಾ, ಶೆಡ್ ಐತಲ್ಲ?"

"ಅಲ್ಲಿ ಗಾಲಿಗಷ್ಟ ಕೀಲಿ ಬೀಳತೈತ್ರೀ ಸರ್. ಗಾಲಿ ಬಿಟ್ಟು ಉಳಿದದ್ದು ಒಯ್ತಾರ. ಮ್ಯಾಲ ಯಾರರ ದೂಡಿದ್ರ ಗಾಲಿ ಬೆಂಡ್ ಆಗತೈತಿ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಸೈಕಲ್ಲಿನ ಅಷ್ಟೂ ಭಾರ ಮುಂದಿನ ಗಾಲಿಯ ಕಡ್ಡಿಗಳ ಮೇಲೆ ಬಿದ್ದರೆ, ಪಕ್ಕದ್ದು ಸ್ವಲ್ಪ ವಾಲಿದರೂ ಸಾಕು, ರಿಮ್ ಸೊಟ್ಟ. ಇಂಥ ಸ್ಟ್ಯಾಂಡ್ ಮಾಡುವವರು ಒಮ್ಮೆಯಾದರೂ ಅದರಲ್ಲಿ ತಮ್ಮ ಸೈಕಲ್ ಇಟ್ಟು ನೋಡಿರಲಿಕ್ಕಿಲ್ಲ.

ಹೊಸ ಸ್ಟ್ಯಾಂಡ್ ಎಲ್ಲಿ ಹಾಕಬೇಕು ಅಂತ ನಾನು ಯೋಚನೆ ಮಾಡಲಿಲ್ಲ. ಮೂರು ದಿನ ಕ್ಯಾಂಪಸ್ ನಕ್ಷೆ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸುಮ್ನೆ ಅಡ್ಡಾಡಿದೆ. ಸೈಕಲ್ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಚುಕ್ಕಿ. ಬೇವಿನ ಗಿಡದ ಬುಡ, ಹಾಸ್ಟೆಲ್ ಗೇಟಿನ ಒಳಗಡೆ, ಕ್ಯಾಂಟೀನ್ ಕಟ್ಟೆ. ಮೂರನೇ ದಿನ ಸಂಜೆ ನಕ್ಷೆ ನೋಡಿದರೆ ಚುಕ್ಕಿಗಳು ತಾವಾಗಿಯೇ ಗುಂಪಾಗಿದ್ದವು. ಅವೇ ಜಾಗ. ನೆರಳು ಇರಬೇಕು, ಬಾಗಿಲಿಗೆ ಹತ್ತಿರ ಇರಬೇಕು, ಹೋಗಿಬರುವವರ ಕಣ್ಣಿಗೆ ಬೀಳಬೇಕು. ಶೆಡ್‌ಗೆ ತಗಡಿನ ನೆರಳು ಬಿಟ್ಟರೆ ಉಳಿದೆರಡೂ ಇರಲಿಲ್ಲ.

ಸ್ಟ್ಯಾಂಡಿನ ಆಕಾರ ಬಹಳ ಸರಳ. ಎರಡಿಂಚಿನ ಜಿಐ ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು, ತಲೆಕೆಳಗಾದ 'ಯು' ಥರ ಮಾಡಿ ನೆಲಕ್ಕೆ ಹುಗಿಯುವುದು, ಅಷ್ಟೇ. ಎತ್ತರ 75 ಸೆಂ.ಮೀ., ಅಗಲವೂ 75, ಎರಡೂ ಕಾಲು 30 ಸೆಂ.ಮೀ. ಕಾಂಕ್ರೀಟಿನೊಳಗೆ. 6 ಮೀಟರಿನ ಒಂದು ಪೈಪಿನಲ್ಲಿ ಎರಡು ಸ್ಟ್ಯಾಂಡ್ ಆಗಿ ಒಂದಡಿ ಉದ್ದದ ತುಂಡು ಉಳಿಯುತ್ತದೆ. ಆ ತುಂಡನ್ನೂ ಬಿಸಾಡಲಿಲ್ಲ, ಸೀಳಿ ಕಾಲಿನ ತುದಿಗೆ ಅಡ್ಡ ವೆಲ್ಡ್ ಮಾಡಿಸಿದೆ. ಇಲ್ಲದಿದ್ದರೆ ನಾಲ್ಕು ಹುಡುಗರು ಸೇರಿ ಅಲ್ಲಾಡಿಸಿ ಕಿತ್ತುಬಿಡಬಹುದು. ಒಂದು ಸ್ಟ್ಯಾಂಡಿಗೆ ಆಚೆ ಒಂದು, ಈಚೆ ಒಂದು, ಎರಡು ಸೈಕಲ್ ಒರಗುತ್ತವೆ. ಗಾಲಿಯ ಜೊತೆ ಫ್ರೇಮನ್ನೂ ಸೇರಿಸಿ ಪೈಪಿಗೆ ಸರಪಳಿ ಸುತ್ತಬಹುದು.

ಕೆಲಸ ಮಾಡಿಸಿದ್ದು ಹುಬ್ಬಳ್ಳಿ ಗೋಕುಲ ರೋಡಿನ ಕಡೆಯ ಒಂದು ಸಣ್ಣ ಫ್ಯಾಬ್ರಿಕೇಶನ್ ಶಾಪಿನಲ್ಲಿ. ಅಲ್ಲಿನ ವೆಲ್ಡರ್ ಕಾಕಾ ಪ್ರತಿ ಜಾಯಿಂಟಿನ ಹತ್ತಿರ ಮೊದಲು ಗ್ರೈಂಡರ್ ಹಿಡಿದು ಸತುವಿನ ಲೇಪ ಉಜ್ಜಿ ತೆಗೆದರು. "ಹಂಗ ಸುಟ್ರ ಹೊಗಿ ಕುಡದು ರಾತ್ರಿ ಜ್ವರ ಬರತಾವ್ರೀ ಸಾಹೇಬ್ರ" ಅಂದರು. ಉಜ್ಜಿದ ಜಾಗಕ್ಕೆ ಮತ್ತೆ ಪೇಂಟ್ ಬಳಿಯದಿದ್ದರೆ ನಮ್ಮ ಜಿಟಿಜಿಟಿ ಮಳೆಗೆ ಮೊದಲು ತುಕ್ಕು ಹಿಡಿಯುವುದು ಅಲ್ಲೇ.

ಇಷ್ಟೆಲ್ಲ ಜಾಣತನ ಮಾಡಿ ಒಂದು ಕಡೆ ಎಡವಿದೆ. ಜಾಗ ಉಳಿಸುವ ಆಸೆಗೆ ಲೈಬ್ರರಿ ಮುಂದೆ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ 60 ಸೆಂ.ಮೀ. ಬಿಟ್ಟಿದ್ದೆ. ಕಾಗದದ ಮೇಲೆ ಚೆಂದ ಕಂಡಿತ್ತು. ಆದರೆ ಸೈಕಲ್ಲಿನ ಹ್ಯಾಂಡಲ್ಲೇ ಸುಮಾರು ಅಷ್ಟು ಅಗಲ ಇರುತ್ತದೆ! ಎರಡು ಸೈಕಲ್ ನಿಂತ ಕೂಡಲೇ ಹ್ಯಾಂಡಲ್ಲಿಗೆ ಹ್ಯಾಂಡಲ್ ಸಿಕ್ಕು, ಬ್ರೇಕ್ ವೈರು ಪಕ್ಕದವರ ಬೆಲ್ಲಿಗೆ. ಒಂದು ಬಿಟ್ಟು ಒಂದು ಸ್ಟ್ಯಾಂಡ್ ಖಾಲಿ ಉಳಿಯಿತು. ಕಾಂಕ್ರೀಟ್ ಒಡೆಸಿ, 1 ಮೀಟರಿಗೊಂದರಂತೆ ಮತ್ತೆ ಹುಗಿಸಿದೆ. ಆ ಖರ್ಚಿನ ಫೈಲಿಗೆ ಕಾರಣ ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.

ನಿಲ್ಲಿಸುವ ಕಥೆ ಅದು. ಓಡಿಸುವ ಕಥೆ ಶುರುವಾದದ್ದು ಜುಲೈನ ಒಂದು ಬೆಳಿಗ್ಗೆ. ಹಾಸ್ಟೆಲ್ ಇಳಿಜಾರಿನಲ್ಲಿ ಬರುತ್ತಿದ್ದ ಹುಡುಗಿ ಚರಂಡಿ ಜಾಲರಿಯ ಮೇಲೆ ಬಿದ್ದು ಮುಂಗೈ ಮುರಿದುಕೊಂಡಳು. ನಾನು ಹೋಗಿ ಕುಕ್ಕುರುಗಾಲಿನಲ್ಲಿ ಕೂತು ನೋಡಿದೆ. ಜಾಲರಿಯ ಪಟ್ಟಿಗಳು ರಸ್ತೆಯ ಉದ್ದಕ್ಕೆ ಸರಿಯಾಗಿ ಕೂತಿದ್ದವು. ನಡುವಿನ ಸಂದು ನನ್ನ ಎರಡು ಬೆರಳಿಗಿಂತ ಅಗಲ. ಸೈಕಲ್ ಟೈರು ಹಳಿಗೆ ಇಳಿದಂತೆ ಅದರೊಳಗೆ ಇಳಿಯುತ್ತದೆ, ಗಾಲಿ ನಿಲ್ಲುತ್ತದೆ, ಆಸಾಮಿ ಮುಂದಕ್ಕೆ ಹಾರುತ್ತಾನೆ. ಆ ಜಾಲರಿ ಕೂರಿಸಿದಾಗ ಅಳತೆ ಪುಸ್ತಕದಲ್ಲಿ ಸಹಿ ಹಾಕಿದ್ದು ನಾನೇ. ಕಾರು, ಟ್ರ್ಯಾಕ್ಟರ್ ಎಲ್ಲ ದಾಟಿದ್ದವು, ಯಾರಿಗೂ ತೊಂದರೆ ಆಗಿರಲಿಲ್ಲ. ಆ ವಾರವೇ ಎಲ್ಲ ಜಾಲರಿಗಳಿಗೂ ಅಡ್ಡಪಟ್ಟಿ ವೆಲ್ಡ್ ಮಾಡಿಸಿದೆ. ತಿರುಗಿಸಿ ಕೂರಿಸಲು ಬರುವಂಥವನ್ನು ತಿರುಗಿಸಿಯೇ ಕೂರಿಸಿದೆವು, ಅದಕ್ಕೆ ಖರ್ಚೂ ಇಲ್ಲ.

ಇಳಿಜಾರಿನ ಕೆಳಗೆ, ರಸ್ತೆ ಕೂಡುವಲ್ಲಿ, ಒಂದು ಹಂಪ್ ಇತ್ತು. ಗಿಡ್ಡ, ಚೂಪು, ಬೈಕಿನವರ ಬೆನ್ನು ಮುರಿಯುವಂಥದ್ದು. ಸೈಕಲ್ಲಿನವರು ಅದನ್ನು ತಪ್ಪಿಸಲು ರಸ್ತೆ ಅಂಚಿಗೆ ಹೋಗುತ್ತಿದ್ದರು. ಅಂಚಿನಲ್ಲಿ ಸಣ್ಣ ಖಡಿ, ಜಾರಿದರೆ ಮುಗಿಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂದರೆ ರಸ್ತೆ ಇಂಜಿನಿಯರುಗಳ ಸಂಸ್ಥೆ; ಅದರ ಮಾರ್ಗಸೂಚಿಯಲ್ಲಿ ಹೇಳಿರುವ ದುಂಡನೆಯ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಗಂಟೆಗೆ 25 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದ್ದು. ಅದನ್ನೇ ಹಾಕಿಸಿದೆ. ಈಗ ಸೈಕಲ್ ನಡುವೆಯೇ ಆರಾಮಾಗಿ ಹತ್ತಿ ಇಳಿಯುತ್ತದೆ, ಬೈಕು ನಿಧಾನವಾಗಲೇಬೇಕು. ಜೊತೆಗೆ ತಿರುವಿನ ಬೇಲಿ ಗಿಡಗಳನ್ನು ಮೊಣಕಾಲ ಎತ್ತರಕ್ಕೆ ಕತ್ತರಿಸಿದೆವು. ಮಾಲಿಗೆ ಸಿಟ್ಟು ಬಂತು, ಚೆಂದದ ಬೇಲಿ ಹಾಳು ಮಾಡಿದಿರಿ ಅಂತ. ಈಗಲೂ ಮಾತು ಕಡಿಮೆ.

ಉಳಿದದ್ದು ಬ್ರೇಕು. ನಮ್ಮಲ್ಲಿ ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳು ಜಾಸ್ತಿ. ಸರ್ಕಾರ ಎಂಟನೇ ಕ್ಲಾಸಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತಲ್ವಾ, ಆ ಸೈಕಲ್ಲನ್ನೇ ಹಾಸ್ಟೆಲ್‌ಗೆ ತಂದವರು ಎಷ್ಟೋ ಮಂದಿ. ಗಟ್ಟಿ ಸೈಕಲ್ಲೇ. ಆದರೆ ಉಕ್ಕಿನ ರಿಮ್ ಮಳೆಯಲ್ಲಿ ತೊಯ್ದರೆ ಬ್ರೇಕ್ ರಬ್ಬರ್ ಹಿಡಿಯುವುದೇ ಇಲ್ಲ. ಸವೆದ ರಬ್ಬರ್ ಆದರಂತೂ ಕಾಲೇ ಗತಿ. ಹಾಸ್ಟೆಲ್ ಗೇಟಿನ ಹೊರಗೆ ಪಂಕ್ಚರ್ ಹಾಕುವ ಅಜ್ಜ ಒಬ್ಬರಿದ್ದಾರೆ. ಮಳೆಗಾಲಕ್ಕೆ ಮುಂಚೆ ಎರಡು ಶನಿವಾರ ಅವರನ್ನು ಒಳಗೆ ಕರೆಸಿ ಬೇವಿನ ಗಿಡದ ಕೆಳಗೆ ಕೂರಿಸಿದೆವು. ರಬ್ಬರ್ ಖರ್ಚು ನಮ್ಮದು, ಕೂಲಿ ಹುಡುಗರದು. ಅಜ್ಜ ಪ್ರತಿ ರಿಮ್ಮಿಗೆ ಒಂದು ಚೊಂಬು ನೀರು ಸುರಿದು, "ಈಗ ಹಿಡಿ ನೋಡೂಣು" ಅನ್ನುತ್ತಿದ್ದರು. ಒಣ ಗಾಲಿಯ ಮೇಲೆ ಬ್ರೇಕ್ ನೋಡುವುದು ಅವರ ಲೆಕ್ಕದಲ್ಲಿ ನೋಡಿದಂತೆಯೇ ಅಲ್ಲ. ಹೋಗುವಾಗ ಹಿಂದಿನ ಮಡ್‌ಗಾರ್ಡಿಗೆ ಕೆಂಪು ರೇಡಿಯಂ ಅಂಟಿಸಿ ಕಳಿಸುವುದು.

ಪರೀಕ್ಷೆ ಮುಗಿದ ಮೇಲೆ ಬಿಟ್ಟುಹೋದ ಸೈಕಲ್‌ಗಳದ್ದು ಬೇರೆ ತಲೆನೋವು. ಒಂದೊಂದಕ್ಕೂ ಚೀಟಿ ಕಟ್ಟುತ್ತೇವೆ: 'ಓಡಿಸುತ್ತಿದ್ದರೆ ಇದನ್ನು ಹರಿದು ಬಿಸಾಡಿ.' ತಿಂಗಳಾದ ಮೇಲೂ ಚೀಟಿ ಇದ್ದರೆ ಸೈಕಲ್ಲು ನಮ್ಮ ಸ್ಟೋರ್ ರೂಮಿಗೆ, ಅದರ ವಿವರ ನೋಟಿಸ್ ಬೋರ್ಡಿಗೆ.

ಹೋದ ವಾರ ಗಣಿತ ವಿಭಾಗದ ಹಿಂದೆ ಸಂಪಿಗೆ ಗಿಡಕ್ಕೆ ಒಂದು ಸೈಕಲ್ ಕಟ್ಟಿತ್ತು. ಸರಪಳಿ ತಿಕ್ಕಿ ತೊಗಟೆ ಎದ್ದಿತ್ತು. ಹೊಸ ಸ್ಟ್ಯಾಂಡ್ ಇಪ್ಪತ್ತು ಹೆಜ್ಜೆಯಲ್ಲೇ ಇದೆ. ಸಿಟ್ಟು ಬಂದು ಕಾದು ನಿಂತೆ. ಹುಡುಗಿ ಬಂದಳು.

"ಯಾಕವ್ವಾ, ಸ್ಟ್ಯಾಂಡ್ ಅಲ್ಲಿ ಐತಲ್ಲ?"

"ಅಲ್ಲಿ ಇಟ್ರ ಕ್ಲಾಸಿನ ಕಿಟಕ್ಯಾಗಿಂದ ಕಾಣಂಗಿಲ್ರೀ ಸರ್."

ಒಳಗೆ ಹೋಗಿ ಅವಳ ಬೆಂಚಿನ ಮೇಲೆ ಕೂತು ನೋಡಿದೆ. ಕಾಣುವುದಿಲ್ಲ. ನಕ್ಷೆ ತೆಗೆದು ಸಂಪಿಗೆ ಗಿಡದ ಪಕ್ಕ ಒಂದು ಚುಕ್ಕಿ ಇಟ್ಟೆ.